ಉಪ್ಪುನೀರಿನಲ್ಲಿ ತೇಲದ ಮೊಟ್ಟೆ

ನಮ್ಮ ಆಕಳು ಗೌರಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಹಿಂಡಿ, ಹುಲ್ಲು ಎಲ್ಲ ಮೊದಲಿನಷ್ಟೇ ತಿನ್ನುತ್ತಿದ್ದಳು, ಆದರೆ ಪಕ್ಕೆಲುಬು ಎಣಿಸುವ ಹಾಗಾಗಿತ್ತು, ಹಾಲೂ ಇಳಿದಿತ್ತು. ಒಂದು ದಿನ ಬೆಳಿಗ್ಗೆ ನೋಡಿದರೆ ಗದ್ದದ ಕೆಳಗೆ ನೀರು ತುಂಬಿದ ಚೀಲ ಕಟ್ಟಿದ ಹಾಗೆ ಬಾವು. ಆಯಿ "ದೃಷ್ಟಿ ತಾಗಿದ್ದು ನೋಡು" ಅಂದಳು. ನನಗೆ ಅನುಮಾನ ಇದ್ದದ್ದು ಹೊಟ್ಟೆಹುಳದ ಮೇಲೆ.

ನಮ್ಮ ಮನೆ ಶಿರಸಿಯಿಂದ ಸಿದ್ದಾಪುರದ ಬದಿ ಹೋಗುವಾಗ ಸಿಗುವ ಒಂದು ಸಣ್ಣ ಊರಲ್ಲಿದೆ. ಅಡಿಕೆ ತೋಟ, ಕೆಳಗೆ ಸ್ವಲ್ಪ ಗದ್ದೆ, ಕೊಟ್ಟಿಗೆಯಲ್ಲಿ ನಾಲ್ಕು ದನ. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದವನು ನಾನು, ಅಟ್ಟದ ಮೇಲೆ ಒಂದು ಹಳೇ ಮೈಕ್ರೋಸ್ಕೋಪ್ ಬಿದ್ದಿತ್ತು. ಅದನ್ನು ಇಳಿಸಿ ಒರೆಸಿದೆ. ನೀರಿಗೆ ಉಪ್ಪು ಕರಗುವಷ್ಟೂ ಕರಗಿಸಿ, ಅದರಲ್ಲಿ ಗೌರಿಯ ಸಗಣಿ ಕಲಸಿ, ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ಒಂದು ಸಣ್ಣ ಶೀಶೆಗೆ ಬಾಯಿತನಕ ತುಂಬಿ ಮೇಲೆ ತೆಳು ಗಾಜು ಮುಚ್ಚಿಟ್ಟೆ. ಕಾಲೇಜಿನಲ್ಲಿ ಕಲಿತದ್ದು ಇಷ್ಟೇ: ಹುಳದ ಮೊಟ್ಟೆ ಹಗುರ, ಉಪ್ಪುನೀರಲ್ಲಿ ತೇಲಿ ಬಂದು ಗಾಜಿಗೆ ಅಂಟುತ್ತದೆ. ಇಪ್ಪತ್ತು ನಿಮಿಷ ಬಿಟ್ಟು ನೋಡಿದರೆ ಒಂದೆರಡು ದುಂಡುಹುಳದ ಮೊಟ್ಟೆ ಬಿಟ್ಟು ಏನೂ ಇಲ್ಲ. ಹುಳದ ಕಾಟ ಅಲ್ಲವೇ ಅಲ್ಲ ಅಂತ ಮನೆಯವರ ಮುಂದೆ ತೀರ್ಪು ಕೊಟ್ಟುಬಿಟ್ಟೆ.

ಪಶು ಡಾಕ್ಟರು ಬಂದವರು ಗೌರಿಯ ಗದ್ದ ಮುಟ್ಟಿ, ಕಣ್ಣಿನ ರೆಪ್ಪೆ ಮಗುಚಿ ನೋಡಿ, ನನ್ನ ಉಪ್ಪುನೀರಿನ ಕಥೆ ಕೇಳಿ ನಕ್ಕರು. "ಮಾರಾಯ್ರೇ, ಎಲ್ಲ ಮೊಟ್ಟೆನೂ ತೇಲೂದಿಲ್ಲ. ತಳ ನೋಡಿದ್ರಾ?"

ನೋಡಿರಲಿಲ್ಲ. ಯಕೃತ್ತಿನಲ್ಲಿ ಇರುವ ಎಲೆಯಾಕಾರದ ಚಪ್ಪಟೆ ಹುಳು ಇದೆಯಲ್ಲ, ಫ್ಯಾಸಿಯೋಲಾ, ಅದರ ಮೊಟ್ಟೆ ದೊಡ್ಡದು ಮತ್ತು ಭಾರ. ಸಾದಾ ಉಪ್ಪುನೀರಲ್ಲಿ ಮುಳುಗುತ್ತದೆ. ಅದಕ್ಕೆ ವಿಧಾನ ಬೇರೆ. ಒಂದು ಚಮಚೆಯಷ್ಟು ಸಗಣಿಯನ್ನು ಬರೀ ನೀರಲ್ಲಿ ಕಲಸಿ ಸೋಸಬೇಕು. ಎತ್ತರದ ಲೋಟದಲ್ಲಿ ಐದಾರು ನಿಮಿಷ ಬಿಟ್ಟು, ಮೇಲಿನ ನೀರು ಮೆಲ್ಲಗೆ ಚೆಲ್ಲಿ, ಮತ್ತೆ ನೀರು ಹಾಕಬೇಕು. ನೀರು ತಿಳಿಯಾಗುವ ತನಕ ಇದೇ ಕೆಲಸ. ಅವಸರ ಮಾಡಿದರೆ ಮೊಟ್ಟೆಯೂ ನೀರಿನ ಜೊತೆ ಹೋಗುತ್ತದೆ, ನಾನು ಎರಡು ಸಲ ಹಾಗೆ ಕಳೆದುಕೊಂಡೆ. ಕೊನೆಗೆ ತಳದಲ್ಲಿ ಉಳಿದದ್ದಕ್ಕೆ ಒಂದು ಹನಿ ಮೆಥಿಲೀನ್ ಬ್ಲೂ. ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ಔಷಧಿ ಅಂತ ಸಿಗುತ್ತದಲ್ಲ, ಅದೇ. ಹುಲ್ಲಿನ ನಾರು, ಕಸ ಎಲ್ಲ ನೀಲಿಯಾಗುತ್ತದೆ, ಮೊಟ್ಟೆ ಮಾತ್ರ ಬಣ್ಣ ಹಿಡಿಯುವುದಿಲ್ಲ. ಆ ನೀಲಿಯ ನಡುವೆ ಜೇನಿನ ಬಣ್ಣದ ಮೊಟ್ಟೆಗಳು ಕಂಡಾಗ ಆದ ಖುಷಿ ಹೇಳತೀರದು. ಆಮೇಲೆ ನಾಚಿಕೆಯಾಯಿತು, ಪಾಪ ಗೌರಿಯ ಯಕೃತ್ತು ಅಲ್ವಾ ಅದು. ಅದೇ ಅಳತೆಯ, ಆದರೆ ಬಣ್ಣವಿಲ್ಲದ ಮೊಟ್ಟೆ ಕಂಡರೆ ಅದು ಹೊಟ್ಟೆಯ ಮೊದಲ ಕೋಣೆಯಲ್ಲಿರುವ ಆಂಫಿಸ್ಟೋಮ್ ಹುಳದ್ದು. ಎರಡನ್ನೂ ಗುರುತಿಸಲು ಕಣ್ಣು ಪಳಗಬೇಕು.

ನಾಲ್ಕೂ ದನಗಳ ಸಗಣಿ ನೋಡಿದೆ. ತಿನ್ನುವುದು ಒಂದೇ ಹುಲ್ಲು, ಕುಡಿಯುವುದು ಒಂದೇ ನೀರು. ಆದರೆ ಒಂದು ಹನಿಯಲ್ಲಿ ಗೌರಿಯದು ಹದಿನಾಲ್ಕು ಮೊಟ್ಟೆ, ಎಮ್ಮೆಯದು ಎರಡು, ಉಳಿದೆರಡಕ್ಕೆ ಸೊನ್ನೆ. ಇದು ನಮ್ಮ ಕೊಟ್ಟಿಗೆಯ ವಿಚಿತ್ರ ಅಲ್ಲ, ಪರಾವಲಂಬಿಗಳ ಲೆಕ್ಕವೇ ಹೀಗೆ. ಹುಳಗಳು ಸಮನಾಗಿ ಹಂಚಿಕೊಂಡು ಇರುವುದಿಲ್ಲ. ಕೆಲವೇ ಪ್ರಾಣಿಗಳು ಹೆಚ್ಚಿನ ಹುಳ ಹೊತ್ತಿರುತ್ತವೆ, ಉಳಿದವು ಆರಾಮಾಗಿ ಓಡಾಡಿಕೊಂಡಿರುತ್ತವೆ. ಸೊನ್ನೆ ಬಂದದ್ದನ್ನೂ ನಂಬುವ ಹಾಗಿಲ್ಲ. ಹುಲ್ಲಿನ ಜೊತೆ ನುಂಗಿದ ಮರಿಹುಳು ಕರುಳು ಕೊರೆದು, ಯಕೃತ್ತಿನೊಳಗೆ ಸುರಂಗ ತೋಡಿ, ಪಿತ್ತನಾಳ ಸೇರಿ ಮೊಟ್ಟೆಯಿಡಲು ಮೂರು–ನಾಲ್ಕು ತಿಂಗಳು ಬೇಕು. ಶ್ರಾವಣದಲ್ಲಿ ನುಂಗಿದ್ದು ಸಗಣಿಯಲ್ಲಿ ಕಾಣುವುದು ದೀಪಾವಳಿ ಕಳೆದ ಮೇಲೆ. ಅಷ್ಟರೊಳಗೆ ಯಕೃತ್ತಿಗೆ ಪೆಟ್ಟು ಬಿದ್ದಾಗಿರುತ್ತದೆ. ಗದ್ದದ ಬಾವು ಕೂಡ ಇದರದ್ದೇ ಫಲ: ರಕ್ತದ ಪ್ರೋಟೀನು ಕಡಿಮೆಯಾದಾಗ ನೀರು ರಕ್ತನಾಳದಿಂದ ಹೊರಗೆ ಬಸಿದು ತಗ್ಗಿನಲ್ಲಿ ನಿಲ್ಲುತ್ತದೆ. ಮೇಯುವ ದನಕ್ಕೆ ಗದ್ದವೇ ತಗ್ಗು.

ಡಾಕ್ಟರು ಔಷಧಿ ಕುಡಿಸಿದರು. ಯಾವುದು, ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಕೆಲವು ಔಷಧಿ ಬಲಿತ ಹುಳುವನ್ನು ಮಾತ್ರ ಕೊಲ್ಲುತ್ತದೆ, ಕೆಲವನ್ನು ಹಾಲು ಕೊಡುವ ದನಕ್ಕೆ ಕೊಡುವಂತಿಲ್ಲ. ಸುಮ್ನೆ ಅಂಗಡಿಯಿಂದ ತಂದು ಸುರಿಯಬೇಡಿ.

ನನಗೆ ತಲೆ ಕೊರೆಯುತ್ತಿದ್ದದ್ದು ಬೇರೆ. ಬಂದದ್ದು ಎಲ್ಲಿಂದ? ಈ ಹುಳುವಿನ ಮೊಟ್ಟೆ ಒಂದು ದನದಿಂದ ಇನ್ನೊಂದಕ್ಕೆ ನೇರ ಹೋಗುವುದಿಲ್ಲ. ನೀರಿಗೆ ಬಿದ್ದ ಮೊಟ್ಟೆಯಿಂದ ಹೊರಬಂದ ಮರಿ ಸುಮಾರು ಒಂದು ದಿನದೊಳಗೆ ಲಿಮ್ನಿಯಾ ಜಾತಿಯ ಬಸವನಹುಳು ಹುಡುಕಿಕೊಳ್ಳಬೇಕು, ಇಲ್ಲದಿದ್ದರೆ ಸತ್ತಿತು. ಯೂರೋಪಿನಲ್ಲಿ ಲ್ಯೂಕಾರ್ಟ್ ಮತ್ತು ಥಾಮಸ್ ಎಂಬ ವಿಜ್ಞಾನಿಗಳಿಬ್ಬರೂ ಬೇರೆಬೇರೆಯಾಗಿ 1880ರ ದಶಕದ ಮೊದಲಲ್ಲಿ ಈ ಸುತ್ತನ್ನು ಬಿಡಿಸಿದ್ದರು. ನಾನು ನಮ್ಮ ಕಾದಿಗೆಯಲ್ಲಿ ಬಿಡಿಸಲು ಹೊರಟೆ. ತೋಟದ ಬಸಿಗಾಲುವೆಗೆ ನಮ್ಮ ಬದಿ ಕಾದಿಗೆ ಅಂತಾರೆ. ಕೈಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿಕೊಂಡು ಮೂವತ್ತು ಬಸವನಹುಳು ಹೆಕ್ಕಿ ತಂದು, ಒಂದೊಂದನ್ನು ಒಂದೊಂದು ಸಣ್ಣ ಶೀಶೆಯ ನೀರಿಗೆ ಹಾಕಿ ಜಗಲಿಯ ಬಿಸಿಲಿಗೆ ಇಟ್ಟೆ. ಇಪ್ಪತ್ತೆಂಟರಲ್ಲಿ ಏನೂ ಇಲ್ಲ. ಒಂದು ಲಿಮ್ನಿಯಾದಿಂದ ಮಾತ್ರ ಬಾಲದ ಚುಕ್ಕಿಗಳು, ಅಂದರೆ ಹುಳದ ಮುಂದಿನ ಹಂತದ ಮರಿಗಳು, ಹೊರಬಂದು ನೀರಲ್ಲಿ ಕುಣಿದವು, ಸಂಜೆಯ ಹೊತ್ತಿಗೆ ಬಾಲ ಕಳಚಿ ಗಾಜಿನ ಗೋಡೆಗೆ ಗುಂಡಗೆ ಅಂಟಿ ಕೂತಿದ್ದವು. ಗಾಜಿನ ಬದಲು ಅಲ್ಲಿ ಹುಲ್ಲಿನ ದಂಟು ಇದ್ದಿದ್ದರೆ? ಮಧ್ಯಾಹ್ನ ನಾನೇ ಆ ಕಾದಿಗೆ ಅಂಚಿನಿಂದ ಕೊಯ್ದು ಗೌರಿಯ ಮುಂದೆ ಹಾಕುತ್ತಿದ್ದ ಹಸಿ ಹುಲ್ಲು ನೆನಪಾಯಿತು. ಕೊಟ್ಟಿಗೆ ತೊಳೆದ ಸಗಣಿ ನೀರು ಅದೇ ಕಾದಿಗೆಗೆ ಹರಿಯುತ್ತಿತ್ತು. ಸುತ್ತು ಪೂರ್ತಿ ನಮ್ಮ ಹಿತ್ತಿಲಲ್ಲೇ ಇತ್ತು!

ಪುಸ್ತಕದಲ್ಲಿ ಆಕಳನ್ನು ಅಂತಿಮ ಆತಿಥೇಯ, ಬಸವನಹುಳುವನ್ನು ಮಧ್ಯಂತರ ಆತಿಥೇಯ ಅಂತಾರೆ. ಆತಿಥೇಯ ಎಂಬ ಶಬ್ದವೇ ನನಗೆ ತಮಾಷೆ, ಕರೆದವರು ಯಾರು? ಆದರೆ ಭೇದ ಮುಖ್ಯ. ಆಕಳಿನೊಳಗೆ ಹುಳು ವರ್ಷಗಟ್ಟಲೆ ಬದುಕಬೇಕು, ಹಾಗಾಗಿ ಸಂಖ್ಯೆ ಕಡಿಮೆ ಇದ್ದರೆ ಗೊತ್ತೇ ಆಗದಂತೆ ಇರುತ್ತದೆ. ಬಸವನಹುಳುವಿನ ಮೇಲೆ ಅಂಥ ದಾಕ್ಷಿಣ್ಯ ಇಲ್ಲ. ಅದರ ಮೈಯೊಳಗೆ ಒಂದು ಮರಿ ನೂರಾರಾಗಿ ಒಡೆಯುತ್ತದೆ, ಬಸವನಹುಳುವಿಗೆ ತನ್ನ ಮೊಟ್ಟೆಯಿಡುವ ಶಕ್ತಿಯೇ ಹೋಗಬಹುದು.

ಇನ್ನೊಂದು ಶೀಶೆಯ ಕಥೆ ಉಳಿಯಿತು. ಅದರಲ್ಲಿದ್ದದ್ದು ಟಗರಿನ ಕೋಡಿನ ಹಾಗೆ ಚಪ್ಪಟೆ ಸುರುಳಿಯ ಇಂಡೋಪ್ಲಾನಾರ್ಬಿಸ್ ಎಂಬ ಬೇರೆ ಬಸವನಹುಳು. ಅದರಿಂದ ಬಂದ ಚುಕ್ಕಿಗಳ ಬಾಲ ಕವಲೊಡೆದಿತ್ತು. ದನದ ರಕ್ತನಾಳದಲ್ಲಿರುವ ಶಿಸ್ಟೋಸೋಮಾ ಗುಂಪಿನ ಹುಳುವೇ ಇರಬೇಕು. ಗದ್ದೆಯಲ್ಲಿ ನೆಟ್ಟಿ (ನಾಟಿ) ಮಾಡಿ ಬಂದ ರಾತ್ರಿ ಮೊಣಕಾಲ ಕೆಳಗೆಲ್ಲ ತುರಿಕೆ ಎದ್ದು ಕೆಂಪು ಗುಳ್ಳೆ ಬರುತ್ತಿತ್ತು, ನಾವು ಗೊಬ್ಬರದ ನಂಜು ಅಂದುಕೊಂಡಿದ್ದೆವು. ಈ ಮರಿಗಳೂ ಹಾಗೇ ಮಾಡುತ್ತವೆ. ದನದ ಚರ್ಮ ಅಂತ ತಪ್ಪಿ ನಮ್ಮ ಚರ್ಮ ಹೊಕ್ಕು, ಮುಂದೆ ದಾರಿ ಸಿಗದೆ ಅಲ್ಲೇ ಸಾಯುತ್ತವೆ. ತುರಿಸುವುದು ನಮ್ಮ ಮೈಗೂ ಅವಕ್ಕೂ ಆಗುವ ಜಗಳಕ್ಕೆ. ದನಕ್ಕೆ ಹೊಂದಿಕೊಂಡ ಹುಳು ದನದಲ್ಲಿ ತೆಪ್ಪಗಿರುತ್ತದೆ, ಗಲಾಟೆ ಜಾಸ್ತಿ ಆಗುವುದು ಮನೆ ತಪ್ಪಿದಾಗ ಅಥವಾ ಗೌರಿಯ ಹಾಗೆ ಒಂದೇ ಮನೆಯಲ್ಲಿ ವಿಪರೀತ ತುಂಬಿದಾಗ. ಮೈಮೇಲಿನ ಉಣುಗಿನಲ್ಲೂ ಹಳೇ ಪರಿಚಯದ ಗುಣ ಕಾಣುತ್ತದೆ. ನಮ್ಮ ಮಲೆನಾಡು ಗಿಡ್ಡ ಆಕಳಿನ ಮೇಲೆ ಒಂದೋ ಎರಡೋ, ಅದೇ ಬೆಟ್ಟದಲ್ಲಿ ಮೇದು ಬಂದ ಜರ್ಸಿ ಮಿಶ್ರತಳಿಯ ಗೌರಿಯ ಕಿವಿ ತುಂಬ. ಬೆನ್ನ ಮೇಲೆ ಡುಬ್ಬವಿರುವ ನಾಡತಳಿಗಳಿಗೆ ಉಣುಗು ತಡೆಯುವ ಶಕ್ತಿ ಹೆಚ್ಚು.

ಈಗ ಕೊಟ್ಟಿಗೆಯ ನೀರು ಗೊಬ್ಬರಗುಂಡಿಗೆ ಹೋಗುತ್ತದೆ, ಕಾದಿಗೆಗೆ ಅಲ್ಲ. ಅಂಚಿನ ಹುಲ್ಲನ್ನು ನೀರಿಗಿಂತ ಒಂದು ಗೇಣು ಮೇಲೆ ಕೊಯ್ಯುತ್ತೇನೆ, ಕೊಯ್ದದ್ದನ್ನು ಚೆನ್ನಾಗಿ ಒಣಗಿಸಿ ಹಾಕುತ್ತೇನೆ. ನೆಟ್ಟಿಗೆ ಇಳಿಯುವ ಮೊದಲು ಕಾಲಿಗೆ ತೆಂಗಿನೆಣ್ಣೆ ದಪ್ಪಗೆ ಹಚ್ಚುತ್ತೇವೆ, ನಮಗೆ ತುರಿಕೆ ಸ್ವಲ್ಪ ಕಡಿಮೆ ಅನಿಸಿದೆ. ಗೌರಿಯ ಸಗಣಿಯನ್ನು ಔಷಧಿಯಾದ ಒಂದು ತಿಂಗಳಿಗೆ ಮತ್ತೆ ನೋಡಿದೆ, ಮೂರು ಹನಿಯಲ್ಲಿ ಒಂದೂ ಇಲ್ಲ.

ಜಗಳ ಬಿದ್ದದ್ದು ಒಂದೆಲಗಕ್ಕೆ. ಕಾದಿಗೆ ಅಂಚಿನ ಒಂದೆಲಗವನ್ನು ಹಸಿಯಾಗಿ ರುಬ್ಬಿ ತಂಬುಳಿ ಮಾಡುತ್ತಿದ್ದೆವು. ನೀರಂಚಿನ ಸೊಪ್ಪನ್ನು ಹಸಿ ತಿಂದರೆ ಇದೇ ಹುಳು ಮನುಷ್ಯರಿಗೂ ಬರುತ್ತದೆ. ನಮ್ಮಲ್ಲಿ ಅಪರೂಪ ನಿಜ, ಆದರೆ ಆ ಶೀಶೆ ನೋಡಿದ ಮೇಲೆ ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ಅಂಗಳದ ಕುಂಡದಲ್ಲಿ ಬಾವಿ ನೀರು ಹಾಕಿ ಬೆಳೆಸಿದ್ದೇನೆ. ಆಯಿಗೆ ಆ ಕುಂಡದ್ದು ಸಪ್ಪೆಯಂತೆ. "ಮೈಕ್ರೋಸ್ಕೋಪಲ್ಲಿ ರುಚಿ ಕಾಣ್ತೇನು?" ಅಂತ ಪ್ರತಿ ಸಲ ಬಡಿಸುವಾಗ ಕೇಳುತ್ತಾಳೆ.