ಮೊಳೆ ಹೊಡೆಯುವ ಮುಂಚೆ ಗೋಡೆಗೆ ಪೇಪರ್ ಅಂಟಿಸಿ

ತುಂಬಾ ಮನೆಗಳಲ್ಲಿ ಫೋಟೋಗಳು ಇರಬೇಕಾದ್ದಕ್ಕಿಂತ ಮೇಲೇ ಇರುತ್ತವೆ. ಯಾರೋ ಸ್ಟೂಲ್ ಹತ್ತಿ ಕೈಗೆಟುಕಿದಷ್ಟು ಎತ್ತರಕ್ಕೆ ಮೊಳೆ ಹೊಡೆದಿರುತ್ತಾರೆ, ಆಮೇಲೆ ಅದನ್ನು ಕಿತ್ತು ಸರಿ ಮಾಡುವವರು ಯಾರೂ ಇರುವುದಿಲ್ಲ. ಇಷ್ಟಪಟ್ಟು ತಂದ ಚಿತ್ರವನ್ನು ಕತ್ತೆತ್ತಿ ನೋಡಬೇಕಾದರೆ ಬೇಸರವೇ ಅಲ್ವಾ?

ಆರ್ಟ್ ಗ್ಯಾಲರಿಗಳಲ್ಲಿ ಬಳಸುವ ಲೆಕ್ಕ ಸುಲಭವಾಗಿದೆ. ಚಿತ್ರದ ನಡುಭಾಗ ನೆಲದಿಂದ ಸುಮಾರು 57 ಇಂಚು, ಅಂದರೆ 145 ಸೆಂ.ಮೀ. ಎತ್ತರಕ್ಕೆ ಬರಬೇಕು. ಮೊಳೆ ಅಲ್ಲ, ಫ್ರೇಮಿನ ಮೇಲಂಚೂ ಅಲ್ಲ, ನಡುಭಾಗ. ಎಲ್ಲರೂ ಕೂತೇ ನೋಡುವ ಕೋಣೆಯಾದರೆ ಇನ್ನೂ ಎರಡು ಮೂರು ಇಂಚು ಇಳಿಸಿ. ಸೋಫಾ ಹಿಂದಿನ ಗೋಡೆಗೆ ಬೇರೆ ಲೆಕ್ಕ: ಸೋಫಾದ ಒರಗಿನಿಂದ 6ರಿಂದ 8 ಇಂಚು ಮೇಲೆ ಫ್ರೇಮಿನ ಕೆಳಗಿನ ಅಂಚು ಇರಲಿ, ಚಿತ್ರದ ಅಗಲ ಸೋಫಾದ ಮೂರರಲ್ಲಿ ಎರಡು ಭಾಗದಷ್ಟಿರಲಿ. ಅಷ್ಟು ದೊಡ್ಡ ಚಿತ್ರ ಇಲ್ಲದಿದ್ದರೆ ಮೂರ್ನಾಲ್ಕು ಚಿಕ್ಕವನ್ನು ಗುಂಪು ಮಾಡಿ.

ಇನ್ನು ಮೊಳೆ ಎಲ್ಲಿಗೆ? ಎಡವಟ್ಟಾಗುವುದು ಇಲ್ಲೇ. ಫ್ರೇಮನ್ನು ತಿರುಗಿಸಿ, ಹಿಂದಿನ ತಂತಿಯನ್ನು ಬೆರಳಿನಿಂದ ಮೇಲಕ್ಕೆ ಬಿಗಿಯಾಗಿ ಎಳೆಯಿರಿ, ಚಿತ್ರ ತೂಗುವಾಗ ತಂತಿ ಹೇಗೆ ನಿಲ್ಲುತ್ತದೋ ಹಾಗೆ. ಆ ತುದಿಯಿಂದ ಫ್ರೇಮಿನ ಮೇಲಂಚಿಗೆ ಎಷ್ಟು ದೂರ ಅಂತ ಅಳೆಯಿರಿ. ಫ್ರೇಮ್ 20 ಇಂಚು ಎತ್ತರ ಇದೆ, ಈ ದೂರ 3 ಇಂಚು ಬಂತು ಅಂದುಕೊಳ್ಳಿ. 57ಕ್ಕೆ ಫ್ರೇಮಿನ ಅರ್ಧ ಎತ್ತರ, ಅಂದರೆ 10 ಸೇರಿಸಿ, 3 ಕಳೆಯಿರಿ. ನೆಲದಿಂದ 64 ಇಂಚಿಗೆ ಮೊಳೆ.

ಆದರೂ ಸುತ್ತಿಗೆ ಎತ್ತಬೇಡಿ, ಹಳೇ ಪೇಪರ್ ತನ್ನಿ. ಪ್ರತಿ ಫ್ರೇಮಿನ ಅಳತೆಗೆ ಒಂದೊಂದು ತುಂಡು ಕತ್ತರಿಸಿ, ಮೊಳೆ ಬರುವ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ, ಮಾಸ್ಕಿಂಗ್ ಟೇಪಿನಿಂದ ಗೋಡೆಗೆ ಅಂಟಿಸಿ ಒಂದು ದಿನ ಹಾಗೇ ಬಿಡಿ. ಬಾಗಿಲಿಂದ ಬರುವಾಗ, ಊಟಕ್ಕೆ ಕೂತಾಗ, ರಾತ್ರಿ ದೀಪ ಹಾಕಿದಾಗ ಹೇಗೆ ಕಾಣುತ್ತದೆ ಅಂತ ನೋಡಿ. ಪೇಪರನ್ನು ಹತ್ತು ಸಲ ಸರಿಸಿದರೂ ಗೋಡೆಗೇನೂ ಆಗುವುದಿಲ್ಲ. ಒಪ್ಪಿಗೆಯಾದ ಮೇಲೆ ಪೇಪರಿನ ಗುರುತಿನ ಮೇಲೇ ಮೊಳೆ ಹೊಡೆದು ಪೇಪರ್ ಹರಿದು ತೆಗೆದರಾಯಿತು. ಇಡೀ ಕೆಲಸದಲ್ಲಿ ಒಂದೇ ಒಂದು ಮಾತು ಕೇಳುವುದಾದರೆ ಇದನ್ನು ಕೇಳಿ.

ಜಾಸ್ತಿ ಚಿತ್ರಗಳಿದ್ದರೆ ಮೊದಲು ನೆಲದ ಮೇಲೆ ಜೋಡಿಸಿ. ದೊಡ್ಡದನ್ನು ನಟ್ಟನಡುವೆ ಇಡದೆ ಸ್ವಲ್ಪ ಪಕ್ಕಕ್ಕಿಟ್ಟು, ಉಳಿದವನ್ನು ಅದರ ಸುತ್ತ ತನ್ನಿ. ನಡುವಿನ ಸಂದು ಎರಡು ಮೂರು ಇಂಚು ಸಾಕು, ಆದರೆ ಎಲ್ಲ ಕಡೆ ಒಂದೇ ಸಮ ಇರಲಿ, ಇಲ್ಲದಿದ್ದರೆ ಚೆಲ್ಲಾಪಿಲ್ಲಿ ಕಾಣುತ್ತದೆ. ಫ್ರೇಮುಗಳೆಲ್ಲ ಒಂದೇ ತರಹ ಇರಲೇಬೇಕು ಅಂತೇನೂ ಇಲ್ಲ. ನನಗಂತೂ ಬೇರೆ ಬೇರೆ ಫ್ರೇಮುಗಳೇ ಇಷ್ಟ, ಮನೆಯವರ ಫೋಟೋಗಳಿಗೆ ಅದು ಇನ್ನೂ ಚೆಂದ. ಇಡೀ ಗುಂಪನ್ನು ಒಂದೇ ಚಿತ್ರ ಅಂತ ಲೆಕ್ಕ ಹಾಕಿ, ಅದರ ನಡುಭಾಗವನ್ನು 57 ಇಂಚಿಗೆ ತನ್ನಿ. ಕೊನೆಗೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಯಾವುದು ಎಲ್ಲಿತ್ತು ಅನ್ನುವುದು ಖಂಡಿತ ಮರೆತುಹೋಗುತ್ತದೆ.

ಹಗುರ ಫ್ರೇಮಿಗೆ ಕಾಂಕ್ರೀಟ್ ಮೊಳೆ ಸಾಕು, ತುದಿ ಸ್ವಲ್ಪ ಕೆಳಮುಖವಾಗಿ ಓರೆಯಾಗಿ ಒಳಗೆ ಹೋಗಲಿ. ಗಾಜು ಹಾಕಿದ ದೊಡ್ಡ ಫ್ರೇಮಾದರೆ ಡ್ರಿಲ್ ಮಾಡಿ, ಪ್ಲಾಸ್ಟಿಕ್ ಪ್ಲಗ್ ಕೂರಿಸಿ, ಸ್ಕ್ರೂ ಹಾಕಬೇಕು. ಜಿಪ್ಸಮ್ ಬೋರ್ಡಿನ ಗೋಡೆಗೆ ಅದಕ್ಕಂತಲೇ ಬರುವ ಪ್ಲಗ್ ಬೇಕು, ಬರೀ ಮೊಳೆ ನಿಲ್ಲುವುದಿಲ್ಲ. ತೂತು ಎಷ್ಟು ಆಳ ಬೇಕೋ ಅಷ್ಟಕ್ಕೆ ಡ್ರಿಲ್ಲಿನ ಕೊರೆಯುವ ಕಡ್ಡಿಯ (ಬಿಟ್) ಮೇಲೆ ಟೇಪ್ ಸುತ್ತಿ, ತೂತಿನ ಕೆಳಗೆ ಒಂದು ಲಕೋಟೆಯನ್ನು ಬಾಯಿ ತೆರೆದು ಅಂಟಿಸಿ, ಧೂಳೆಲ್ಲ ಅದರೊಳಗೇ ಬೀಳುತ್ತದೆ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ, ಪಕ್ಕಕ್ಕೆ ಎಲ್ಲೂ ಡ್ರಿಲ್ ಮಾಡಬೇಡಿ, ವೈರುಗಳು ಸಾಮಾನ್ಯವಾಗಿ ಆ ದಾರಿಯಲ್ಲೇ ಹೋಗಿರುತ್ತವೆ. ಬಚ್ಚಲುಮನೆಗೆ ಅಂಟಿದ ಗೋಡೆಯಲ್ಲಿ ನೀರಿನ ಪೈಪ್ ಇರಬಹುದು, ಅಲ್ಲೂ ಹುಷಾರು. ಅಂಟು ಪಟ್ಟಿಗಳು ಚಿಕ್ಕ ಫೋಟೋಗಳಿಗೆ ಪರವಾಗಿಲ್ಲ, ಆದರೆ ಡಿಸ್ಟೆಂಪರ್ ಬಳಿದ ಗೋಡೆಯಾದರೆ ಬಣ್ಣದ ಸಮೇತ ಕಿತ್ತು ಬರುತ್ತವೆ.

ನೇರ ಬಿಸಿಲು ಬೀಳುವ ಗೋಡೆ ಬೇಡ, ಫೋಟೋ ಮತ್ತು ಜಲವರ್ಣ ಚಿತ್ರಗಳ ಬಣ್ಣ ಮಾಸುತ್ತದೆ. ತೇವ ಇರುವ ಗೋಡೆಯಲ್ಲಿ ಬೂಷ್ಟು ಹಿಡಿಯುತ್ತದೆ. ಮಂಚದ ತಲೆಭಾಗದ ಮೇಲೆ ಗಾಜಿನ ಭಾರದ ಫ್ರೇಮ್ ತೂಗುಹಾಕಬೇಡಿ, ಹಗುರವಾದ ಕ್ಯಾನ್ವಾಸ್ ಇರಲಿ.

ಚಿತ್ರ ಪದೇ ಪದೇ ವಾಲುತ್ತಿದ್ದರೆ ಒಂದು ಮೊಳೆಯ ಬದಲು ಪಕ್ಕಪಕ್ಕದಲ್ಲಿ ಎರಡು ಹಾಕಿ, ರಸಮಟ್ಟ ಇಟ್ಟು ನೋಡಿ, ಇಲ್ಲದಿದ್ದರೆ ಮೊಬೈಲಿನಲ್ಲೂ ಮಟ್ಟ ನೋಡುವ ಆ್ಯಪ್ ಸಿಗುತ್ತದೆ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಪುಟ್ಟ ರಬ್ಬರ್ ಬಿಲ್ಲೆ ಅಂಟಿಸಿ. ಚಿತ್ರ ಜಾರುವುದಿಲ್ಲ, ಗೋಡೆಗೆ ಗೀರು ಬೀಳುವುದಿಲ್ಲ, ಹಿಂದೆ ಗಾಳಿಯೂ ಆಡುತ್ತದೆ.