ಆವರಿಕೆ ಬೀಜ ಸತ್ತಿರಲಿಲ್ಲ, ನೀರು ಕುಡಿದಿರಲಿಲ್ಲ ಅಷ್ಟೇ

ಹೊಲದ ಬದುವಿಗೆ ಹಾಕೋಣ ಅಂತ ಆವರಿಕೆ (ಹಳದಿ ಹೂ ಬಿಡುವ ಪೊದೆ) ಬೀಜ ತಂದಿದ್ದೆ. ಬಿತ್ತುವ ಮೊದಲು 100 ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಹತ್ತು ದಿನವಾದರೂ ಮೊಳೆತದ್ದು ಎಂಟೇ. ಕೊಟ್ಟವರನ್ನು ಸುಮ್ನೆ ಮನಸ್ಸಿನಲ್ಲೇ ಬೈದುಕೊಂಡೆ.

ಬಟ್ಟೆ ಬಿಚ್ಚಿ ಸರಿಯಾಗಿ ನೋಡಿದಾಗ ಅನುಮಾನ ಬಂತು. ಸತ್ತ ಬೀಜ ಸಾಮಾನ್ಯವಾಗಿ ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ ಅಲ್ವಾ? ಇವು ಕಲ್ಲಿನ ಹಾಗೆ ಗಟ್ಟಿ, ಒಂಚೂರೂ ಉಬ್ಬಿಲ್ಲ. ನಾಲ್ಕನ್ನು ಬ್ಲೇಡಿನಿಂದ ಸೀಳಿದೆ. ಒಳಗಿನ ಬೇಳೆ ತುಂಬಿಕೊಂಡು ಚೆನ್ನಾಗಿಯೇ ಇತ್ತು. ತೊಂದರೆ ಸಿಪ್ಪೆಯದ್ದು. ಅದು ನೀರನ್ನೇ ಒಳಗೆ ಬಿಡುತ್ತಿರಲಿಲ್ಲ.

ಇನ್ನೊಂದು 100 ಬೀಜ ತೆಗೆದುಕೊಂಡು ಒಂದೊಂದನ್ನೂ ಸ್ಯಾಂಡ್ ಪೇಪರಿನ ಮೇಲೆ ಉಜ್ಜಿದೆ. ಬೀಜ ಕಾಯಿಗೆ ಅಂಟಿಕೊಂಡಿದ್ದ ಜಾಗ, ಅಂದರೆ ಹೊಕ್ಕುಳಿನ ಕಡೆ ಮುಟ್ಟಲಿಲ್ಲ, ಅಲ್ಲಿ ಮೊಳಕೆಗೆ ಪೆಟ್ಟಾಗುತ್ತದೆ. ಬೆರಳು ಉರಿಯಿತು, ಹೇಳಬೇಕಾದ್ದೇ! ರಾತ್ರಿ ನೆನೆಸಿದೆ. ಬೆಳಿಗ್ಗೆ ಹೆಚ್ಚಿನವು ಉಬ್ಬಿದ್ದವು. ವಾರದಲ್ಲಿ 70 ಮೊಳೆತವು.

ಶುದ್ಧತೆಯನ್ನೂ ನೋಡಿದೆ. 10 ಗ್ರಾಂನಲ್ಲಿ ಹೊಟ್ಟು, ಕಡ್ಡಿ, ಬೇರೆ ಬೀಜ ಆರಿಸಿದ ಮೇಲೆ 8 ಗ್ರಾಂ ಉಳಿಯಿತು. ಶೇ 80ರಲ್ಲಿ ಶೇ 70, ಅಂದರೆ ಒಂದು ಕಿಲೋ ಚೀಲದಲ್ಲಿ ಮೊಳೆಯುವ ಬೀಜ 560 ಗ್ರಾಂ. ಬಿತ್ತುವ ಅಳತೆಯನ್ನು ಇದರ ಮೇಲೆ ಹಾಕಿಕೊಂಡೆ.

ಉಳಿದದ್ದನ್ನು ಉಜ್ಜುವ ತಾಳ್ಮೆ ಇರಲಿಲ್ಲ. ಸಿಪ್ಪೆ ನೀರು ಬಿಡುವ ಹಾಗಾಗಲಿ ಅಂತ ನೀರು ಕುದಿಸಿ, ಒಲೆಯಿಂದ ಇಳಿಸಿ, ಬೀಜ ಸುರಿದು ಆರಲು ಬಿಟ್ಟೆ.