ಮಳೆಗಾಲದ ಮಲೆನಾಡಿಗೆ ನಾಲ್ಕೂವರೆ ಕೆಜಿ ಬ್ಯಾಗು

ಜುಲೈನಲ್ಲಿ ಮಲೆನಾಡು ಸುತ್ತಲು ಒಬ್ಬರಿಗೆ ನಾಲ್ಕೂವರೆ ಕೆಜಿ ಸಾಮಾನು ಸಾಕು. ಮೂರು ದಿನಕ್ಕೂ ಅಷ್ಟೇ, ವಾರಕ್ಕೂ ಅಷ್ಟೇ. ಇದನ್ನು ಹೇಳಿದಾಗ ಮನೆಯಲ್ಲಿ ಯಾರೂ ಒಪ್ಪಲಿಲ್ಲ. "ಬೇಸಿಗೆಯಲ್ಲಾದರೆ ಸರಿ. ಪುಷ್ಯ ಮಳೆಯಲ್ಲಿ ಬಟ್ಟೆ ಒಣಗುತ್ತಾ? ದಿನಕ್ಕೊಂದು ಜೊತೆ ಬೇಡ್ವಾ?" ಅಂತ ಭಾವ ಪಟ್ಟು ಹಿಡಿದರು. ಈ ವರ್ಷ ನಾನೂ ನನ್ನ ಹೆಂಡತಿಯೂ ಶಿವಮೊಗ್ಗದಿಂದ ಬಸ್ಸಿನಲ್ಲೇ ಹೊರಟು ತೀರ್ಥಹಳ್ಳಿ, ಕವಲೇದುರ್ಗ, ಆಗುಂಬೆ, ಶೃಂಗೇರಿ ಮುಗಿಸಿ ಬಂದೆವು. ಬೆನ್ನಿಗೊಂದು ಬ್ಯಾಗು, ಕೈ ಖಾಲಿ. ಈಗ ಧೈರ್ಯವಾಗಿ ಬರೆಯಬಹುದು.

ಮೊದಲೆಲ್ಲ ನಾವೂ ದಿನಕ್ಕೊಂದು ಜೊತೆ ಲೆಕ್ಕದಲ್ಲೇ ತುಂಬುತ್ತಿದ್ದೆವು. ಒಂದು ಸಲ ಹೊರಡುವ ಮುಂಚೆ ಊರಿನ ಮನೆಯಲ್ಲಿ ಅಡಿಕೆ ತೂಗುವ ತಕ್ಕಡಿ ಮೇಲೆ ಬ್ಯಾಗು ಇಟ್ಟು ನೋಡಿದೆ. ಹನ್ನೊಂದು ಕೆಜಿ ಹತ್ತಿರ ಇತ್ತು. ವಾಪಸ್ ಬಂದ ಮೇಲೆ ಮತ್ತೆ ತೂಗಿದೆ. ಹದಿಮೂರು ದಾಟಿತ್ತು! ದಾರಿಯಲ್ಲಿ ಏನೂ ಕೊಂಡಿರಲಿಲ್ಲ. ಜಾಸ್ತಿಯಾಗಿದ್ದು ಬರೀ ನೀರು. ಒದ್ದೆ ಜೀನ್ಸ್ ಒಂದೇ ಒಂದೂವರೆ ಕೆಜಿ ತೂಗುತ್ತದೆ. ಅಂದರೆ ಮಳೆಗಾಲದಲ್ಲಿ ಬಟ್ಟೆ ಜಾಸ್ತಿ ಒಯ್ದಷ್ಟೂ ನೀರು ಜಾಸ್ತಿ ಹೊರಬೇಕು. ಭಾವನ ವಾದ ತಲೆಕೆಳಗಾಗಿದ್ದು ಇಲ್ಲೇ.

ದುಡ್ಡಿನ ಕಥೆ ಹೇಳಲೇಬೇಕು. ನೀರು ಒಳಗೆ ಹೋಗಲ್ಲ ಅಂತ ಬರೆದಿದ್ದ ಬ್ಯಾಗಿಗೆ ನಾಲ್ಕೂವರೆ ಸಾವಿರ ಕೊಟ್ಟೆ. ಬಟ್ಟೆ ಗಟ್ಟಿಯೇ, ಆದರೆ ಹೊಲಿಗೆಯಿಂದ ನೀರು ಇಳಿಯಿತು. ಅದರ ಮೇಲೆ ಹೊದಿಸುವ ಕವರಿಗೆ ಆರುನೂರು. ಆಗುಂಬೆಯ ಮಳೆ ಬೆನ್ನಿನ ಕಡೆಯಿಂದ ಒಳಗೆ ಬಂತು. ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಸುರಿಯುವ ಜಾಗ ಅದು, ಕವರು ಎಲ್ಲಿ ತಡೆಯುತ್ತದೆ? ಬೇಗ ಒಣಗುವ ಟವೆಲ್ ಅಂತ ಒಂದು ಒಂಬೈನೂರು ಕೊಟ್ಟು ತಂದೆ. ಅದು ಮೈಮೇಲಿನ ನೀರನ್ನೇ ಹೀರುವುದಿಲ್ಲ. ಉದ್ದ ರೇನ್‌ಕೋಟು ಹತ್ತಿರ ಹತ್ತಿರ ಎರಡು ಸಾವಿರ. ಕವಲೇದುರ್ಗದ ಕಲ್ಲುಹಾಸಿನ ಏರು ಹತ್ತುವಾಗ ಒಳಗಿನ ಬೆವರಿನಿಂದಲೇ ತೊಯ್ದು ತೊಪ್ಪೆ. ಎಲ್ಲ ಸೇರಿ ಎಂಟು ಸಾವಿರದಷ್ಟು ನೀರಿಗೆ ಹೋಯಿತು.

ಈಗಿನ ಲೆಕ್ಕ ಇಷ್ಟೇ: ಒದ್ದೆಯಾಗುವ ಜೊತೆ ಒಂದು, ಒಣಗಿದ ಜೊತೆ ಒಂದು. ಹಗಲು ಹೊರಗೆ ಹೋಗುವುದು ಒದ್ದೆ ಜೊತೆಯಲ್ಲಿ. ಆಟಗಾರರು ಹಾಕುವ ತೆಳು ಪಾಲಿಯೆಸ್ಟರ್ ಅಂಗಿ, ಅಂಥದ್ದೇ ಪ್ಯಾಂಟು. ಸಂಜೆ ರೂಮಿಗೆ ಬಂದ ಮೇಲೆ ಒಣಗಿದ ಜೊತೆ. ನನಗೆ ಪಂಚೆ, ಬನಿಯನ್, ತೆಳು ಸ್ವೆಟರ್. ಹೆಂಡತಿಗೆ ಚೂಡಿದಾರ್. ಪಂಚೆ ರಾತ್ರಿ ಹೊದಿಕೆಯೂ ಆಗುತ್ತದೆ. ಒಳಬಟ್ಟೆ ಮಾತ್ರ ಮೂರು ಜೊತೆ. ಅದರಲ್ಲಿ ಜಿಪುಣತನ ಬೇಡ.

ಕಷ್ಟ ಇರುವುದು ಬೆಳಿಗ್ಗೆ. ಒದ್ದೆ ಜೊತೆ ಪೂರ್ತಿ ಒಣಗಿರುವುದಿಲ್ಲ, ತಣ್ಣಗೆ ಇರುತ್ತದೆ. ಆಗ ಒಣಗಿದ ಬಟ್ಟೆಯ ಕಡೆ ಕೈ ಹೋಗುತ್ತದೆ. ಹೋಗಬಾರದು. ಹೊರಗೆ ಕಾಲಿಟ್ಟರೆ ಹೇಗೂ ನೆನೆಯುತ್ತೀರಿ ಅಲ್ವಾ? ಹತ್ತು ನಿಮಿಷ ನಡೆದರೆ ಮೈ ಬಿಸಿಗೆ ತಣುವೇ ಗೊತ್ತಾಗುವುದಿಲ್ಲ. ನನ್ನ ಜೊತೆ ಪ್ರಯತ್ನಿಸಿದವರಲ್ಲಿ ಕೈಬಿಟ್ಟವರೆಲ್ಲ ಸೋತಿದ್ದು ಈ ಹತ್ತು ನಿಮಿಷದಲ್ಲೇ. ಒಣಗಿದ ಜೊತೆ ಒಂದು ಸಲ ನೆಂದರೆ ಆಟ ಮುಗಿಯಿತು.

ಟರ್ಕಿ ಟವೆಲ್ ಬಿಟ್ಟು ಬೈರಾಸು, ಅಂದರೆ ತೆಳು ಹತ್ತಿ ಟವೆಲ್, ತನ್ನಿ. ನೂರೈವತ್ತು ಗ್ರಾಂ ಇರಬಹುದು, ಬೆಲೆಯೂ ಅಷ್ಟೇ. ತೊಳೆದ ಅಂಗಿಯನ್ನು ಒಣ ಬೈರಾಸಿನ ಮೇಲೆ ಹರಡಿ, ಚಾಪೆ ಸುತ್ತಿದ ಹಾಗೆ ಸುತ್ತಿ, ಮೇಲೆ ನಿಂತು ತುಳಿಯಿರಿ. ಅರ್ಧ ನೀರು ಹೋಗುತ್ತದೆ. ಆಮೇಲೆ ಹೋಂಸ್ಟೇ ಆದರೆ ಬಚ್ಚಲ ಒಲೆಯ ಹತ್ತಿರ ಹಗ್ಗಕ್ಕೆ ಹಾಕಿ. ಲಾಡ್ಜ್ ಆದರೆ ಫ್ಯಾನಿನ ಕೆಳಗೆ, ಕರೆಂಟು ಇದ್ದರೆ. ಒಲೆಯ ನೇರ ಮೇಲೆ ಹಾಕಿ ನೋಡಿದ್ದೇನೆ. ಬೇಗ ಒಣಗುತ್ತದೆ, ಆದರೆ ಮರುದಿನ ಬಸ್ಸಿನಲ್ಲಿ ಪಕ್ಕದವರು ತಿರುಗಿ ನೋಡುವಷ್ಟು ಹೊಗೆ ವಾಸನೆ.

ಬ್ಯಾಗಿನೊಳಗೆ ನೀರು ತಡೆಯುವುದಕ್ಕೆ ನನ್ನ ಉತ್ತರ ತೋಟದಲ್ಲೇ ಇತ್ತು. ಕೊಳೆ ರೋಗ ಬಾರದಿರಲಿ ಅಂತ ಅಡಿಕೆ ಗೊನೆಗೆ ಕಟ್ಟುತ್ತೇವಲ್ಲ, ಆ ಪ್ಲಾಸ್ಟಿಕ್ ಚೀಲ. ನಮ್ಮಲ್ಲಿ ಕೊಟ್ಟೆ ಅಂತೇವೆ. ಮಳೆಗಾಲಪೂರ್ತಿ ಗೊನೆ ಕಾಯುವ ಕೊಟ್ಟೆ ನಾಲ್ಕು ದಿನ ಬಟ್ಟೆ ಕಾಯುವುದಿಲ್ಲವೇ? ಹರಿಯದ ಹೊಸದನ್ನೇ ತೆಗೆದುಕೊಳ್ಳಿ. ಒಣಗಿದ ಜೊತೆಗೊಂದು, ಫೋನು ಚಾರ್ಜರಿಗೊಂದು. ಅದರ ಬಾಯಿ ಕಟ್ಟುವುದರಲ್ಲಿ ನನ್ನದೇ ಒಂದು ವರಸೆ ಇದೆ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ನಡುವೆ ಜೇನುಮೇಣದ ಹುಚ್ಚೂ ಹಿಡಿದಿತ್ತು. ಹಳೇ ಕ್ಯಾನ್ವಾಸ್ ಬ್ಯಾಗಿಗೆ ಮೇಣ ಕರಗಿಸಿ ತಿಕ್ಕಿದೆ. ಬರೀ ಮೇಣ ಒಡೆದು ಉದುರುತ್ತದೆ, ಅದಕ್ಕೆ ಇನ್ನೊಂದು ಪದಾರ್ಥ ಬೆರೆಸಬೇಕು. ಬೆರಕೆ ಸರಿಹೋದ ಮೇಲೆ ನೀರು ಹನಿಹನಿಯಾಗಿ ಜಾರಿತು. ಆದರೆ ಬ್ಯಾಗು ಮುನ್ನೂರು ಗ್ರಾಂ ಭಾರವಾಯಿತು, ಬಿಸಿಲಿಗೆ ಅಂಟಂಟು. ಈಗ ಅದರಲ್ಲಿ ತೋಟದ ಕತ್ತಿ ಇಡುತ್ತೇನೆ.

ಇಂಬಳಕ್ಕೆ, ಅಂದರೆ ಕಾಲಿಗೆ ಹತ್ತುವ ಜಿಗಣೆಗೆ, ಬೇರೆ ಔಷಧಿ ಬಾಟ್ಲಿ ಬೇಡ. ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಒಂದು ಗಂಟು ಇಟ್ಟುಕೊಂಡರೆ ಸಾಕು. ಶೂ ಬದಲು ತೋಟದ ರಬ್ಬರ್ ಚಪ್ಪಲಿ, ಹಿಂದೆ ಪಟ್ಟಿ ಇರುವಂಥದ್ದು. ಶೂ ಒದ್ದೆಯಾದರೆ ಹಳೇ ಪೇಪರ್ ತುರುಕಿದರೂ ಎರಡು ದಿನ ಒಣಗದು.

ಇಷ್ಟೆಲ್ಲ ಮಾಡಿದರೂ ಕಡೆಗೆ ತೂಕ ಏರಿಸುವುದು ತಿಂಡಿ. ಅತ್ತೆ ಕಳಿಸಿದ ಕೋಡುಬಳೆ, ಉಂಡೆ ಡಬ್ಬಿ ಸಮೇತ ಎರಡು ಕೆಜಿ ಇತ್ತು. ಬೇಡ ಅಂದರೆ ಅವರಿಗೆ ಬೇಜಾರು. ಹಾಗಾಗಿ ಸ್ಟೀಲ್ ಡಬ್ಬಿ ಬಿಟ್ಟು, ಕೊಟ್ಟೆಗೆ ಹಾಕಿಕೊಂಡು, ಮೊದಲ ದಿನವೇ ಖಾಲಿ ಮಾಡಿದೆವು.

ಬ್ಯಾಗು ಕಾಲೇಜು ಮಕ್ಕಳದ್ದು, ಒಂಬೈನೂರು ರೂಪಾಯಿ. ಬಟ್ಟೆ, ಬೈರಾಸು, ಹಗ್ಗ, ಛತ್ರಿ ಎಲ್ಲ ಸೇರಿ ಒಬ್ಬರಿಗೆ ಎರಡೂವರೆ ಸಾವಿರ ದಾಟಲಿಲ್ಲ. ವಾಪಸ್ ಬಂದು ತೂಗಿದಾಗ ನನ್ನದು ಐದು ಕೆಜಿಗಿಂತ ಸ್ವಲ್ಪ ಕಡಿಮೆ, ಹೆಂಡತಿಯದ್ದು ಐದರ ಆಸುಪಾಸು. ಭಾವ ತಕ್ಕಡಿ ಪಕ್ಕ ನಿಂತು ನೋಡಿದರು. ಮರುವಾರ ಎರಡು ಕೊಟ್ಟೆ ಕೇಳಿ ಇಸಕೊಂಡು ಹೋದರು.

ಮಳೆ ಇಳಿದ ಮೇಲೆ ಕೊಡಚಾದ್ರಿಗೆ ಇದೇ ಬ್ಯಾಗಿನಲ್ಲಿ ಹೋಗುವ ಯೋಚನೆ ಇದೆ. 1,343 ಮೀಟರ್ ಎತ್ತರ, ಮೇಲೆ ಗಾಳಿ ಜೋರು. ಅಲ್ಲಿಗೆ ತೆಳು ಸ್ವೆಟರ್ ಸಾಲದು. ಕಂಬಳಿ ಒಯ್ದರೆ ಮತ್ತೆ ಎರಡು ಕೆಜಿ. ದಪ್ಪ ಸ್ವೆಟರ್ ಒಂದೇ ಒಯ್ದು, ಛತ್ರಿ ಮನೆಯಲ್ಲೇ ಬಿಟ್ಟು ನೋಡುತ್ತೇನೆ.